ಕೊಂಡಿ ಹಂಚಿಕೆ (ಮುಂಬಯಿ)

ಅಂತರ್ಜಾಲದಲ್ಲಿ ಅಡ್ಡಾಡುವಾಗ ಕಣ್ಣಿಗೆ ಬಿದ್ದ ಸ್ವಾರಸ್ಯವನ್ನು ಅದರ ವಿಳಾಸದ ಸಮೇತ ಇತರರಿಗೆ ದಾಟಿಸುವ ರೂಢಿ. 1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ‘ವೆಬ್‌ಲಾಗ್’ ಎಂಬ ಪದ ಹುಟ್ಟಿಸಿದ್ದು ಇಂಥ ಕೊಂಡಿಗಳ ದಿನಚರಿಗೇ. ಸ್ವಂತ ಕಥೆ ಹೇಳಿಕೊಳ್ಳುವ ಚಾಳಿ ಅದಕ್ಕೆ ಅಂಟಿದ್ದು ಆಮೇಲೆ.

ಮುಂಬಯಿಯಲ್ಲಿ ಸಾರ್ವಜನಿಕ ಅಂತರ್ಜಾಲ ಶುರುವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ವಿದ್ಯಾರ್ಥಿಗಳ ಅಗ್ಗದ ಖಾತೆಯಲ್ಲಿ ಅಕ್ಷರವಷ್ಟೇ, ಚಿತ್ರವಿರಲಿಲ್ಲ. ಮೋಡೆಮ್ ಕಿರುಗುಟ್ಟಿ ಲೈನು ಸಿಗುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಫೋನಿನ ಬಿಲ್ಲು ಏರುತ್ತಿದ್ದುದರಿಂದ ಒಬ್ಬರು ಹುಡುಕಿದ್ದನ್ನು ಹತ್ತು ಜನರಿಗೆ ಇಮೇಲ್ ಮಾಡುವುದು ಉಳಿತಾಯವೂ ಆಗಿತ್ತು.

ಈ ರೂಢಿಯನ್ನು ಒಂದು ಕಸುಬಿನ ಮಟ್ಟಕ್ಕೆ ಏರಿಸಿದವರು ಮುಂಬಯಿಯ ಪತ್ರಕರ್ತ ಅಮಿತ್ ವರ್ಮಾ. 2004ರಲ್ಲಿ ಆರಂಭವಾದ ಅವರ ‘ಇಂಡಿಯಾ ಅನ್‌ಕಟ್’ ಬ್ಲಾಗಿನಲ್ಲಿ ಒಂದು ವಿಚಿತ್ರ ಸುದ್ದಿ, ಅದಕ್ಕೊಂದು ಚುರುಕು ಮಾತು, ಪಕ್ಕದಲ್ಲಿ ಕೊಂಡಿ, ದಿನಕ್ಕೆ ಹಲವು ಸಲ ಬರುತ್ತಿದ್ದವು. ಅದೇ ವರ್ಷದ ಡಿಸೆಂಬರಿನ ಸುನಾಮಿಯಲ್ಲಿ ಮುಂಬಯಿಯ ಬ್ಲಾಗಿಗರಾದ ಪೀಟರ್ ಗ್ರಿಫಿನ್, ದೀನಾ ಮೆಹ್ತಾ, ರೋಹಿತ್ ಗುಪ್ತಾ ಸೇರಿ ನೆರವಿನ ಮಾಹಿತಿಯನ್ನು ಒಂದೆಡೆ ಕೂಡಿಹಾಕಿದಾಗ ಮೋಜಿನ ಅಭ್ಯಾಸ ಜೀವ ಉಳಿಸುವ ಕೆಲಸಕ್ಕೂ ಬಂತು.

ನಗರದ ಕನ್ನಡಿಗರಿಗೆ ಬೇರೆಯೇ ತೊಡಕು. ಯುನಿಕೋಡ್ ಹರಡುವ ಮುನ್ನ ಊರಿನ ಪತ್ರಿಕೆಯ ಕೊಂಡಿ ಕಳಿಸಿದರೆ, ಆ ಪತ್ರಿಕೆಯ ಫಾಂಟ್ ಇಲ್ಲದವರಿಗೆ ಕಾಣುತ್ತಿದ್ದುದು ರೋಮನ್ ಅಕ್ಷರಗಳ ಚಿತ್ರಾನ್ನ. ಹೀಗಾಗಿ ಕೊಂಡಿಯ ಜೊತೆಗೆ ಫಾಂಟನ್ನೂ ಕಳಿಸಬೇಕಿತ್ತು.

ಈಗ ಲೋಕಲ್ ರೈಲಿನಲ್ಲಿ ಕೈಯಿಂದ ಕೈಗೆ ದಾಟುವುದು ಹೆಚ್ಚಾಗಿ ಸ್ಕ್ರೀನ್‌ಶಾಟ್. ಮೂಲದ ವಿಳಾಸ ಅದರಲ್ಲಿರುವುದು ಅಪರೂಪ.