ನೆಗೆಟಿವ್ ಅಂದ ಪರೀಕ್ಷೆಗಳ ಕತೆ

ಹೋದ ತಿಂಗಳು ದೊಡ್ಡಪ್ಪ ಒಂದು ಕವರ್ ಕೈಗಿಟ್ಟು, "ಇಂಜಿನಿಯರ್ ಅಲ್ವೇನೋ, ಇದರಲ್ಲಿ ಏನು ಬರೆದಿದೆ ಓದಿ ಹೇಳು" ಅಂದ್ರು. ದೊಡ್ಡಮ್ಮನ ಬಯಾಪ್ಸಿ ರಿಪೋರ್ಟು. ಸ್ತನದ ಕ್ಯಾನ್ಸರ್ ಅನ್ನೋದು ಅಷ್ಟೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅರ್ಥವಾಗದೆ ಉಳಿದದ್ದು ಕೊನೆಯ ಸಾಲು: ಇ.ಆರ್. ನೆಗೆಟಿವ್. "ನೆಗೆಟಿವ್ ಅಂದ್ರೆ ಒಳ್ಳೇದೇ ತಾನೆ?" ಅಂದ್ರು ದೊಡ್ಡಪ್ಪ. ನಾನೂ ಹೂಂ ಅಂದುಬಿಟ್ಟೆ. ರಾತ್ರಿ ಕೂತು ಓದಿದಾಗ ತಿಳೀತು, ತಪ್ಪು ಹೇಳಿದ್ದೆ ಅಂತ.

ಸ್ತನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಈಸ್ಟ್ರೋಜನ್ ಎಂಬ ಹಾರ್ಮೋನಿನ ಬಲದಲ್ಲಿ ಬೆಳೆಯುತ್ತವೆ. 1896ರಲ್ಲೇ ಗ್ಲ್ಯಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ವೈದ್ಯ, ಅಂಡಾಶಯ ತೆಗೆದರೆ ಕೆಲವರಲ್ಲಿ ಗಡ್ಡೆ ಕುಗ್ಗುತ್ತದೆ ಅಂತ ವರದಿ ಮಾಡಿದ್ದ. ಯಾಕೆ ಅಂತ ಅವನಿಗೆ ಗೊತ್ತಿರಲಿಲ್ಲ. ಜೀವಕೋಶದಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದೆ ಅಂತ ತೋರಿಸಿದ್ದು ಶಿಕಾಗೋದ ಎಲ್‌ವುಡ್ ಜೆನ್ಸನ್, ಅರುವತ್ತು ವರ್ಷ ಕಳೆದ ಮೇಲೆ. 1970ರ ದಶಕದಲ್ಲಿ ಟಾಮಾಕ್ಸಿಫೆನ್ ಬಂತು. ರಿಸೆಪ್ಟರ್ ಇದ್ದವರು ಈ ಮಾತ್ರೆಯನ್ನು ಐದು ವರ್ಷ ನುಂಗಿದರೆ ಸಾವಿನ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಇಲ್ಲದವರಿಗೆ ಉಪಯೋಗವಿಲ್ಲ. ಅಂದರೆ ನೆಗೆಟಿವ್ ಎಂಬ ಒಂದು ಪದ, ಒಂದಿಡೀ ಚಿಕಿತ್ಸೆಯ ಬಾಗಿಲು ಮುಚ್ಚುತ್ತದೆ.

ಆ ಪದವೇ ತಪ್ಪಾಗಿದ್ದರೆ? ಆಗಿತ್ತು... ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ.

ಅಲ್ಲಿನ ಸೇಂಟ್ ಜಾನ್ಸ್ ಊರಿನ ಲ್ಯಾಬಿನಲ್ಲಿ 1997ರಿಂದ ಈ ಪರೀಕ್ಷೆಯನ್ನು ಬಣ್ಣ ಹಾಕುವ ವಿಧಾನದಲ್ಲಿ ಮಾಡುತ್ತಿದ್ದರು. ಗಡ್ಡೆಯ ತೆಳು ಪದರಕ್ಕೆ ಬಣ್ಣ ಕಟ್ಟಿದರೆ ಪಾಸಿಟಿವ್. ತೊಂದರೆ ಏನಪ್ಪಾ ಅಂದ್ರೆ, ತುಣುಕನ್ನು ಫಾರ್ಮಲಿನ್‌ನಲ್ಲಿ ಸರಿಯಾಗಿ ಇಡದಿದ್ದರೆ, ಮುಂದಿನ ಹಂತದಲ್ಲಿ ಏನೋ ಎಡವಟ್ಟಾದರೆ, ರಿಸೆಪ್ಟರ್ ಇದ್ದರೂ ಬಣ್ಣ ಕಟ್ಟುವುದಿಲ್ಲ. ನಮ್ಮ ಕೆಲಸದಲ್ಲೂ ಇದೇ ಗೋಳು. ಪ್ರೋಗ್ರಾಮಿನ ಬಗ್ ಹೇಗೋ ಸಿಗುತ್ತೆ, ಟೆಸ್ಟ್‌ನಲ್ಲೇ ಬಗ್ ಇದ್ದರೆ ಎಲ್ಲ ಸರಿಯಿದೆ ಅಂತಲೇ ವರ್ಷಗಟ್ಟಲೆ ಕಾಣುತ್ತೆ. 2005ರಲ್ಲಿ ಒಬ್ಬ ಕ್ಯಾನ್ಸರ್ ವೈದ್ಯೆಗೆ ಅನುಮಾನ ಬಂತು. ಲೋಬ್ಯುಲರ್ ಎಂಬ ಜಾತಿಯ ಕ್ಯಾನ್ಸರ್ ಹೆಚ್ಚುಕಡಿಮೆ ಯಾವಾಗಲೂ ಪಾಸಿಟಿವ್ ಇರುತ್ತೆ, ಈ ರೋಗಿಯದ್ದು 2002ರಲ್ಲಿ ನೆಗೆಟಿವ್ ಯಾಕೆ ಬಂತು? ಹೊಸ ಯಂತ್ರದಲ್ಲಿ ಮತ್ತೆ ಮಾಡಿಸಿದರೆ ಪಾಸಿಟಿವ್! ಹಳೆಯ ಇನ್ನಷ್ಟು ಮಾದರಿಗಳನ್ನು ತೆಗೆದರೆ ಅವೂ ತಿರುಗಿಬಿದ್ದವು. ಸುಮಾರು ಸಾವಿರ ರೋಗಿಗಳ ಮಾದರಿಗಳು ಟೊರಾಂಟೋದ ಮೌಂಟ್ ಸೈನಾಯ್ ಆಸ್ಪತ್ರೆಗೆ ಹೋದವು.

ಲ್ಯಾಬಿನ ತಪ್ಪನ್ನಾದರೂ ಅರ್ಥ ಮಾಡಿಕೊಳ್ಳಬಹುದು. ಆಮೇಲಿನ ಮೌನ ನನಗೆ ಅರ್ಥವಾಗಲಿಲ್ಲ. ಎಷ್ಟೋ ಹೆಂಗಸರಿಗೆ ವಿಷಯ ತಿಳಿದದ್ದು ಪತ್ರಿಕೆ, ರೇಡಿಯೋದಿಂದ. 2006ರ ಡಿಸೆಂಬರ್‌ನಲ್ಲಿ ಆರೋಗ್ಯ ಸಂಸ್ಥೆ ಈಸ್ಟರ್ನ್ ಹೆಲ್ತ್, 117 ಮಂದಿಯ ಚಿಕಿತ್ಸೆ ಬದಲಾಯಿತು ಅಂತಷ್ಟೇ ಹೇಳಿತು. ಎಷ್ಟು ಪರೀಕ್ಷೆ ತಪ್ಪಾಗಿತ್ತು ಅಂತ ಹೇಳಲಿಲ್ಲ. ರೋಗಿಗಳು ಒಟ್ಟಾಗಿ ಕೋರ್ಟಿಗೆ ಹೋದರು. 2007ರ ಮೇನಲ್ಲಿ ಕೋರ್ಟಿನ ಕಾಗದಪತ್ರದಿಂದಲೇ ನಿಜ ಹೊರಬಿತ್ತು. ಬದುಕಿದ್ದವರ 763 ಮರುಪರೀಕ್ಷೆಗಳಲ್ಲಿ 317ರ ಫಲಿತಾಂಶ ಬದಲಾಗಿತ್ತು. ನೂರಕ್ಕೆ 42! ಮೊಕದ್ದಮೆಯ ಭಯದಿಂದ ಮುಚ್ಚಿಟ್ಟರು, ಮುಚ್ಚಿಟ್ಟದ್ದನ್ನು ಮೊಕದ್ದಮೆಯೇ ಬಿಚ್ಚಿತು.

ಸರ್ಕಾರ ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮೆರಾನ್ ಅವರ ವಿಚಾರಣಾ ಆಯೋಗ ನೇಮಿಸಿತು. 2009ರ ಮಾರ್ಚ್‌ನಲ್ಲಿ ಬಂದ ವರದಿಯಲ್ಲಿ 60 ಶಿಫಾರಸುಗಳಿದ್ದವು. ಗುಣಮಟ್ಟದ ತಪಾಸಣೆ ಸೋತದ್ದನ್ನೂ, ರೋಗಿಗಳಿಗೆ ತಿಳಿಸದ ರೀತಿಯನ್ನೂ ಅದು ಖಂಡಿಸಿತು.

ಇನ್ನು ಕಾನೂನಿನ ತೊಡಕು. ತಪ್ಪು ಫಲಿತಾಂಶ ಪಡೆದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು. ಮಾತ್ರೆ ಸಿಕ್ಕಿದ್ದರೆ ಇಂಥವರು ಬದುಕುತ್ತಿದ್ದರು ಅಂತ ಬೊಟ್ಟು ಮಾಡಿ ತೋರಿಸುವುದು ಹೇಗೆ? ಕೈತಪ್ಪಿದ ಅವಕಾಶಕ್ಕೇ ಬೆಲೆ ಕಟ್ಟಲು ಕೆನಡಾದ ಸುಪ್ರೀಂ ಕೋರ್ಟ್ 1991ರಲ್ಲೇ ಒಪ್ಪಿರಲಿಲ್ಲ. ಕ್ವಿಬೆಕ್‌ನ ಆ ಮೊಕದ್ದಮೆಯೂ ಸ್ತನ ಕ್ಯಾನ್ಸರಿನದ್ದೇ. ಡಾ. ಲಾಸನ್ 1971ರಲ್ಲಿ ಗಂಟು ತೆಗೆದು, ಅದು ಕ್ಯಾನ್ಸರ್ ಅಂತ ರೋಗಿಗೆ ಹೇಳಲೇ ಇಲ್ಲ. ಆಕೆಗೆ ಗೊತ್ತಾದದ್ದು 1975ರಲ್ಲಿ, ತೀರಿಕೊಂಡದ್ದು 1978ರಲ್ಲಿ. ಸಾವಿಗೆ ವೈದ್ಯರ ತಪ್ಪೇ ಕಾರಣ ಅಂತ ಸಾಬೀತಾಗಲಿಲ್ಲ. ಆಕೆ ಪಟ್ಟ ಮನೋವೇದನೆಗೆ ಮತ್ತು ಕಳೆದುಕೊಂಡ ನೆಮ್ಮದಿಯ ದಿನಗಳಿಗೆ ಅಂತ ಕೊಟ್ಟದ್ದು 17,500 ಡಾಲರ್.

ನ್ಯೂಫೌಂಡ್‌ಲ್ಯಾಂಡ್‌ನ ಮೊಕದ್ದಮೆ ತೀರ್ಪಿನವರೆಗೆ ಹೋಗದೆ 2009ರಲ್ಲಿ ರಾಜಿಯಾಯಿತು. 1 ಕೋಟಿ 75 ಲಕ್ಷ ಡಾಲರ್, ನೂರಾರು ಜನರ ನಡುವೆ ಹಂಚಿಕೆ. ಅದೇ ವರ್ಷ ಆ ಪ್ರಾಂತ್ಯದಲ್ಲಿ ಇನ್ನೊಂದು ಕಾನೂನೂ ಬಂತು: ಕ್ಷಮೆ ಕೇಳಿದ ಮಾತ್ರಕ್ಕೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ ಅಂತ. ಕ್ಷಮೆ ಕೇಳೋಕೂ ಒಂದು ಕಾನೂನು ಬೇಕಾಯ್ತು ನೋಡಿ!

ಮರುದಿನ ದೊಡ್ಡಪ್ಪನಿಗೆ ಫೋನ್ ಮಾಡಿ, ನಾನು ಹೂಂ ಅಂದಿದ್ದು ತಪ್ಪು ಅಂತ ಹೇಳಿದೆ. ಡಾಕ್ಟರ ಹತ್ತಿರ ಹೆದರುತ್ತಲೇ ಎರಡನೇ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮೇಣದಲ್ಲಿ ಇಟ್ಟ ದೊಡ್ಡಮ್ಮನ ಗಡ್ಡೆಯ ತುಣುಕು ಈಗ ಇನ್ನೊಂದು ಲ್ಯಾಬಿನಲ್ಲಿದೆ. ರಿಪೋರ್ಟು ಗುರುವಾರ ಬರುತ್ತಂತೆ.