ಸಂಚಕಾರ ಕೊಟ್ಟವರ ಕಥೆ



2025ರ ಜುಲೈ ತಿಂಗಳಿನ ಒಂದು ಸಂಜೆ ಕೊಡಂಬಲದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಮಳೆಯ ದಾರಿ ನೋಡುತ್ತಿದ್ದಾಗ ಮುಂಬಯಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಹುಡುಗ ಓದಿ ದೊಡ್ಡವನಾಗಿ, ಸ್ವಂತ ಉದ್ಯಮ ನಡೆಸಿ ನಾಲ್ಕು ಕಾಸು ಗಳಿಸಿದ್ದಾನೆ. ಕುಶಲೋಪರಿಯ ನಂತರ ಅವನು ಕೇಳಿದ ಪ್ರಶ್ನೆ ಹೀಗಿತ್ತು: "ಗುರುಗಳೇ, ಅಮೆರಿಕೆಯ ಟೆಸ್ಲಾ ಕಾರಿನ ಮಳಿಗೆ ಇಲ್ಲಿ ತೆರೆದಿದೆ. ಕಾರಿಗೆ ಸುಮಾರು 60 ಲಕ್ಷ ರೂಪಾಯಿ. ಇನ್ನೂ 6 ಲಕ್ಷ ಕೊಟ್ಟರೆ ತಾನೇ ಓಡುವ ವಿದ್ಯೆಯನ್ನೂ ಸೇರಿಸಿಕೊಳ್ಳಬಹುದಂತೆ. ಆದರೆ ಆ ವಿದ್ಯೆ ನಮ್ಮ ದೇಶದಲ್ಲಿ ಸದ್ಯಕ್ಕೆ ಇಲ್ಲ, ಮುಂದೆ ಬರುತ್ತದೆಯಂತೆ. ಈಗಲೇ ಕೊಟ್ಟುಬಿಡಲೇ?"

ನಾನು ನಕ್ಕೆ. ಜೀವಮಾನದಲ್ಲಿ ಕಾರಿನ ಚಕ್ರ ಹಿಡಿಯದ ಮೇಷ್ಟ್ರನ್ನು ಈ ವಿಷಯದಲ್ಲಿ ಕೇಳುವುದೇ? ಅವನು ಬಿಡಲಿಲ್ಲ. "ಕಾರಿನ ವಿಷಯ ಬೇಡ ಗುರುಗಳೇ, ನೀವು ಇತಿಹಾಸ ಕಲಿಸಿದವರು. ಹಿಂದೆ ಹೀಗೆ ಕೊಟ್ಟವರ ಕಥೆ ಏನಾಯಿತು ಹೇಳಿ" ಎಂದ. ಅಂದು ಅವನಿಗೆ ಅರ್ಧಂಬರ್ಧ ಹೇಳಿದ ಮಾತುಗಳನ್ನೇ ಇಲ್ಲಿ ಕ್ರಮವಾಗಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಒಂದು ಪದದ ವಿಚಾರ. ಕೊಳ್ಳುವ ಮುನ್ನ ಮಾತು ಖಚಿತಪಡಿಸಲು ಕೊಡುವ ಹಣಕ್ಕೆ ಕನ್ನಡದಲ್ಲಿ 'ಸಂಚಕಾರ' ಎಂದು ಹೆಸರು. ನಮ್ಮ ಬೀದರ ಸೀಮೆಯ ದನದ ಸಂತೆಗಳಲ್ಲಿ ಉರ್ದು ಬಲ್ಲವರು ಅದನ್ನೇ 'ಬಯಾನಾ' ಎನ್ನುತ್ತಾರೆ, ಮರಾಠಿಗರು 'ಇಸಾರ' ಎನ್ನುತ್ತಾರೆ. ಭಾಷೆ ಮೂರಾದರೂ ನಿಯಮ ಒಂದೇ. ಸಂಚಕಾರ ಕೊಟ್ಟವನು ಹಿಂದೆ ಸರಿದರೆ ಹಣ ಕಳೆದುಕೊಳ್ಳುತ್ತಾನೆ. ಪಡೆದವನು ಎತ್ತನ್ನು ಬೇರೆಯವರಿಗೆ ಮಾರಿದರೆ ಹಣವನ್ನೂ ಮರಳಿಸಬೇಕು, ಸಂತೆಯಲ್ಲಿ ಮುಖವನ್ನೂ ಕಳೆದುಕೊಳ್ಳಬೇಕು. ಅಂದರೆ ಅದು ಎರಡೂ ಕೈಗಳನ್ನು ಕಟ್ಟುವ ಹಗ್ಗ. ಆದರೆ ಅದೇ ಪದ ಇಂದಿನ ಕನ್ನಡದಲ್ಲಿ 'ಪ್ರಾಣಕ್ಕೆ ಸಂಚಕಾರ' ಎಂಬಂತೆ ಆಪತ್ತು ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಾಗುತ್ತಿದೆ. ಒಂದು ಪದ ಭರವಸೆಯಿಂದ ಹೊರಟು ಅಪಾಯದಲ್ಲಿ ಬಂದು ನಿಂತ ಬಗೆಯನ್ನು ನೆನೆದರೆ, ಮುಂಗಡ ಕೊಟ್ಟವರ ಅನುಭವವೆಲ್ಲ ಅದರೊಳಗೆ ಅಡಗಿದಂತೆ ತೋರುತ್ತದೆ.

ನಮ್ಮ ಮನೆಯ ಸಂಚಕಾರದ ಕಥೆಯಿಂದಲೇ ಆರಂಭಿಸುತ್ತೇನೆ. ನಮ್ಮ ತಂದೆಯವರೂ ಶಿಕ್ಷಕರಾಗಿದ್ದರು. 1972ರಲ್ಲಿ, ನಾನು ಹನ್ನೆರಡು ವರ್ಷದ ಬಾಲಕನಾಗಿದ್ದಾಗ, ಅವರು ಸ್ಕೂಟರಿಗಾಗಿ ಅರ್ಜಿ ಹಾಕಿದರು. ನಮ್ಮ ತಾಯಿಯವರಿಗೆ ಉಬ್ಬಸದ ಕಾಯಿಲೆ. ರಾತ್ರಿ ವೇಳೆ ಹುಮನಾಬಾದಿಗೆ ಕರೆದೊಯ್ಯಲು ಎತ್ತಿನ ಬಂಡಿ ಬಿಟ್ಟರೆ ಅನ್ಯ ಮಾರ್ಗವಿರಲಿಲ್ಲ. ಆ ಕಾಲದಲ್ಲಿ ಸ್ಕೂಟರು, ಕಾರುಗಳ ಹಂಚಿಕೆ ಮತ್ತು ಮಾರಾಟ ಸರ್ಕಾರದ ನಿಯಂತ್ರಣ ಆದೇಶಗಳಿಗೆ ಒಳಪಟ್ಟಿತ್ತು. ತಂದೆಯವರು 250 ರೂಪಾಯಿಗಳನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ತಮ್ಮ ಹೆಸರಿನಲ್ಲಿಯೇ ಇಟ್ಟು, ಆ ಪಾಸುಪುಸ್ತಕವನ್ನು ಮಾರಾಟಗಾರರಿಗೆ ಒತ್ತೆಯಾಗಿ ಬರೆದುಕೊಟ್ಟರು. ನಂತರ ಕಾಯುವ ಕೆಲಸ. ಸರದಿ ಬಂದಿದೆ ಎಂಬ ಪತ್ರ ಕೈಸೇರಿದ್ದು 1980ರಲ್ಲಿ. ತಾಯಿಯವರು 1978ರಲ್ಲಿಯೇ ತೀರಿಕೊಂಡಿದ್ದರು. ಸ್ಕೂಟರು ಮನೆಗೆ ಬಂದ ದಿನ ತಂದೆಯವರು ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಹಣದ ವಿಷಯದಲ್ಲಿ ಅವರಿಗೆ ಯಾವ ನಷ್ಟವೂ ಆಗಿರಲಿಲ್ಲ. ಬಡ್ಡಿ ಸಹ ಬೆಳೆದಿತ್ತು. ಮರಳಿ ಬಾರದಿದ್ದುದು ಎಂಟು ವರ್ಷಗಳ ಕಾಲ ಮಾತ್ರ.

ಇದು ಮೊದಲನೆಯ ಬಗೆಯ ಕಾಯುವಿಕೆ. ಇಲ್ಲಿ ವಸ್ತು ನಿಜವಾಗಿಯೂ ಇತ್ತು, ಸಾಲು ಮಾತ್ರ ಉದ್ದವಾಗಿತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೂ, ಬಜಾಜ್ ಚೇತಕ್ ಸ್ಕೂಟರಿಗೂ ಜನ ಹೀಗೆಯೇ ವರ್ಷಗಟ್ಟಲೆ ಕಾಯುತ್ತಿದ್ದರು. ಎಷ್ಟು ವಾಹನ ತಯಾರಿಸಬೇಕೆಂಬುದಕ್ಕೂ ಪರವಾನಗಿ ಬೇಕಾಗಿದ್ದ ಕಾಲವದು. ತಡವಾದರೂ ಬರುವುದು ಬಂದೇ ಬರುತ್ತಿತ್ತು.

ಎರಡನೆಯ ಬಗೆ ಇದಕ್ಕಿಂತ ಕಠಿಣ. ಅಲ್ಲಿ ವಸ್ತುವೇ ಹುಟ್ಟಿರುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. 1971ರಲ್ಲಿ ಸಂಜಯ ಗಾಂಧಿಯವರ ನೇತೃತ್ವದಲ್ಲಿ ಮಾರುತಿ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 50,000 ಕಾರು ತಯಾರಿಸುವ ಅನುಮತಿ, ಗುರುಗಾಂವಿನಲ್ಲಿ ವಿಶಾಲ ಭೂಮಿ, ದೇಶದ ಮೂಲೆ ಮೂಲೆಗಳಿಂದ ಮಾರಾಟಗಾರರ ಠೇವಣಿ ಎಲ್ಲವೂ ಬಂದವು. ಜನರ ಕೈಗೆ ಕಾರು ಮಾತ್ರ ಬರಲಿಲ್ಲ. 1977ರಲ್ಲಿ ಸರ್ಕಾರ ಬದಲಾದ ಮೇಲೆ ನ್ಯಾಯಮೂರ್ತಿ ಎ. ಸಿ. ಗುಪ್ತಾ ಆಯೋಗ ವಿಚಾರಣೆ ನಡೆಸಿತು. 1978ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಕಂಪನಿ ಮುಚ್ಚಿತು.

ಸೋಜಿಗವೆಂದರೆ ಅದೇ ಹೆಸರಿನಲ್ಲಿ ಜನರು ಮತ್ತೆ ನಂಬಿಕೆಯಿಟ್ಟರು. 1981ರಲ್ಲಿ ಸರ್ಕಾರವೇ ಮಾರುತಿ ಉದ್ಯೋಗ್ ಸ್ಥಾಪಿಸಿ, 1982ರಲ್ಲಿ ಜಪಾನಿನ ಸುಜುಕಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 1983ರ ಏಪ್ರಿಲ್ ತಿಂಗಳಲ್ಲಿ ಮುಂಗಡ ನೋಂದಣಿ ಆರಂಭವಾದಾಗ ತಲಾ 10,000 ರೂಪಾಯಿ ಕಟ್ಟಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಅದೇ ವರ್ಷ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈ ದೆಹಲಿಯಲ್ಲಿ ಹಸ್ತಾಂತರವಾಯಿತು. ಹೇಳಿದ ವರ್ಷದಲ್ಲಿಯೇ ಹೇಳಿದ ವಸ್ತು ಬಂದಿತು. ಮುಂಗಡ ಪಡೆಯುವುದೇ ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ 1990ರ ದಶಕದಲ್ಲಿ ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆಗೂಡಿ ಮಹಾರಾಷ್ಟ್ರದ ಕಲ್ಯಾಣದಲ್ಲಿ ಕಾರು ತಯಾರಿಸಲು ಹೊರಟಾಗ ಕಥೆ ಮತ್ತೆ ತಿರುಗಿತು. ಕಾರ್ಮಿಕರ ಹೋರಾಟ, ಪಾಲುದಾರರ ಮನಸ್ತಾಪಗಳ ನಡುವೆ ಆ ಉದ್ಯಮ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಮುಂಗಡ ಹಣ ಮರಳಿ ಪಡೆಯಲು ಹಲವರು ಗ್ರಾಹಕ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ಇನ್ನು ಮೂರನೆಯ ಬಗೆ. ನನ್ನ ಶಿಷ್ಯ ಕೇಳಿದ್ದು ಇದನ್ನೇ. ಇದರಲ್ಲಿ ವಾಹನ ಮನೆಗೆ ಬರುತ್ತದೆ. ಆದರೆ ಹಣ ಪಡೆದು ಹೇಳಿದ ಒಂದು ವಿದ್ಯೆ ಅದರೊಳಗೆ ಇರುವುದಿಲ್ಲ. 'ಮುಂದೆ ತಂತ್ರಾಂಶದ ಮೂಲಕ ಕಳುಹಿಸುತ್ತೇವೆ' ಎಂಬ ಮಾತು ಮಾತ್ರ ಇರುತ್ತದೆ.

ನಮ್ಮ ರಾಜ್ಯದಲ್ಲಿಯೇ ಇದರ ಸಣ್ಣ ರೂಪವನ್ನು ಕಂಡಿದ್ದೇವೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ 2021ರ ಜುಲೈನಲ್ಲಿ 499 ರೂಪಾಯಿ ಮುಂಗಡಕ್ಕೆ ವಿದ್ಯುತ್ ಸ್ಕೂಟರಿನ ನೋಂದಣಿ ತೆರೆದಾಗ ಒಂದೇ ದಿನದಲ್ಲಿ ಒಂದು ಲಕ್ಷ ಮಂದಿ ಹೆಸರು ಬರೆಸಿದರು. ಡಿಸೆಂಬರಿನಲ್ಲಿ ಸ್ಕೂಟರುಗಳು ಮನೆ ತಲುಪಿದಾಗ, ಆಗಸ್ಟಿನಲ್ಲಿ ಸಾರಿದ್ದ ದಾರಿ ತೋರಿಸುವ ನಕ್ಷೆ, ವೇಗ ಕಾಯ್ದುಕೊಳ್ಳುವ ಸೌಲಭ್ಯ, ಏರಿನಲ್ಲಿ ಹಿಂದೆ ಜಾರದಂತೆ ತಡೆಯುವ ಸೌಲಭ್ಯ ಇವೆಲ್ಲ ಅವುಗಳಲ್ಲಿ ಇರಲಿಲ್ಲ. 2022ರಲ್ಲಿ ಕಂತು ಕಂತಾಗಿ ಬಂದವು. ಕೊಂಡವರು ಗೊಣಗಿದರು, ಆದರೂ ಕಾಯುವಿಕೆಗೆ ಒಂದು ಕೊನೆಯಿತ್ತು.

ಟೆಸ್ಲಾದ ಕಥೆಗೆ ಕೊನೆ ಸುಲಭವಾಗಿ ಕಾಣುವುದಿಲ್ಲ. 2016ರ ಅಕ್ಟೋಬರಿನಲ್ಲಿ ಆ ಕಂಪನಿ, ಇನ್ನು ಮುಂದೆ ತಯಾರಾಗುವ ಪ್ರತಿಯೊಂದು ಕಾರಿನಲ್ಲಿಯೂ ಪೂರ್ಣವಾಗಿ ತಾನೇ ಓಡಲು ಬೇಕಾದ ಯಂತ್ರಾಂಶ ಇರುತ್ತದೆ ಎಂದು ಘೋಷಿಸಿತು. 5,000 ಡಾಲರಿನ ಸಹಾಯಕ ಚಾಲನಾ ಸೌಲಭ್ಯದ ಮೇಲೆ ಮತ್ತೆ 3,000 ಡಾಲರು ಕೊಟ್ಟವರಿಗೆ ಆ ಪೂರ್ಣ ವಿದ್ಯೆಯ ವಾಗ್ದಾನ. 2017ರ ಅಂತ್ಯದೊಳಗೆ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿನವರೆಗೆ ಯಾರೂ ಮುಟ್ಟದೆ ಕಾರು ಓಡಲಿದೆ ಎಂದು ಮುಖ್ಯಸ್ಥ ಈಲಾನ್ ಮಸ್ಕ್ ಹೇಳಿದರು. ಆ ವರ್ಷ ಅದು ನಡೆಯಲಿಲ್ಲ. 2019ರಲ್ಲಿ, ಮರುವರ್ಷ ಹತ್ತು ಲಕ್ಷ ಚಾಲಕರಹಿತ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದರು; ಅದೂ ನಡೆಯಲಿಲ್ಲ. ಈ ನಡುವೆ ವಿದ್ಯೆಯ ಬೆಲೆ ಏರುತ್ತಾ ಹೋಗಿ 2022ರಲ್ಲಿ ಅಮೆರಿಕೆಯಲ್ಲಿ 15,000 ಡಾಲರು ತಲುಪಿ, 2024ರಲ್ಲಿ 8,000ಕ್ಕೆ ಇಳಿಯಿತು. ಬೆಲೆ ಏರುವ ಮುನ್ನ ಕೊಳ್ಳಿರಿ ಎಂಬ ಮಾತಿಗೆ ಓಗೊಟ್ಟವರ ಗತಿ ಏನಾಗಿರಬೇಕು? 2024ರಲ್ಲಿಯೇ ಆ ಹೆಸರಿನ ಪಕ್ಕದಲ್ಲಿ 'ಮೇಲ್ವಿಚಾರಣೆಯಲ್ಲಿ' ಎಂಬ ಅರ್ಥದ ಪದವೊಂದು ಸೇರಿಕೊಂಡಿತು. ಅಂದರೆ ಚಾಲಕನು ಕಣ್ಣು ಬಿಟ್ಟು ಕುಳಿತಿರಲೇಬೇಕು. 2025ರ ಜನವರಿಯಲ್ಲಿ, ಹಣ ಕೊಟ್ಟವರ ಹಳೆಯ ಕಾರುಗಳಲ್ಲಿನ ಗಣಕವನ್ನು ಬದಲಿಸಬೇಕಾಗುತ್ತದೆ ಎಂದು ಮಸ್ಕ್ ಅವರೇ ಒಪ್ಪಿಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕೆಲವು ಟ್ಯಾಕ್ಸಿಗಳು ಹೊರಟವು, ಪಕ್ಕದ ಆಸನದಲ್ಲಿ ಕಂಪನಿಯ ಮನುಷ್ಯನೊಬ್ಬನನ್ನು ಕೂರಿಸಿಕೊಂಡು. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವು, ಹಣ ಕೊಟ್ಟ ಮಾಲೀಕರು ಒಂದು ಸಮೂಹವಾಗಿ ದಾವೆ ಮುಂದುವರಿಸಲು ಅನುಮತಿ ನೀಡಿತು.

ಭಾರತೀಯರ ಪಾಲಿಗೂ ಇದರ ಒಂದು ಕವಲು ಉಂಟು. 2016ರಲ್ಲಿ ಮಾಡೆಲ್ 3 ಎಂಬ ಕಾರಿಗಾಗಿ 1,000 ಡಾಲರು, ಆಗಿನ ಲೆಕ್ಕದಲ್ಲಿ ಸುಮಾರು 66,000 ರೂಪಾಯಿ ಮುಂಗಡ ಕಟ್ಟಿದವರಲ್ಲಿ ಬೆಂಗಳೂರಿನ ಉದ್ಯಮಿಗಳೂ ಇದ್ದರು. 2021ರ ಜನವರಿಯಲ್ಲಿ ಟೆಸ್ಲಾದ ಭಾರತೀಯ ಅಂಗಸಂಸ್ಥೆ ಬೆಂಗಳೂರಿನಲ್ಲಿಯೇ ನೋಂದಣಿಯಾದಾಗ ಅವರಿಗೆ ಎಷ್ಟು ಹಿಗ್ಗಾಗಿರಬೇಡ! ಆದರೆ 2025ರ ಮೇ ತಿಂಗಳಲ್ಲಿ ಅವರಿಗೆ ಬಂದದ್ದು ಹಣ ಮರಳಿಸುತ್ತೇವೆ ಎಂಬ ಪತ್ರ. ಒಂಬತ್ತು ವರ್ಷ! ನಮ್ಮ ತಂದೆಯವರ ಸ್ಕೂಟರಿಗಿಂತ ಒಂದು ವರ್ಷ ಹೆಚ್ಚು, ಕೊನೆಗೆ ಬಂಡಿಯೂ ಇಲ್ಲ. ಜುಲೈ 15ರಂದು ಮುಂಬಯಿಯಲ್ಲಿ ಮಳಿಗೆ ತೆರೆದಾಗ ಮಾರಾಟಕ್ಕಿದ್ದುದು ಬೇರೆ ಕಾರು, ಮತ್ತು ಆ 6 ಲಕ್ಷದ ವಾಗ್ದಾನ.

ಇಲ್ಲಿ ನ್ಯಾಯವಾದ ಇನ್ನೊಂದು ಮಾತನ್ನೂ ಹೇಳಬೇಕು. ಯಂತ್ರಕ್ಕೆ ರಸ್ತೆಯನ್ನು ಓದುವುದನ್ನು ಕಲಿಸುವುದು ಸಾಮಾನ್ಯ ಕೆಲಸವಲ್ಲ. ಕಬ್ಬಿನ ಸುಗ್ಗಿಯಲ್ಲಿ ನಮ್ಮ ಹುಮನಾಬಾದಿನ ರಸ್ತೆಗೆ ಬನ್ನಿರಿ. ಹಿಂದೀಪವಿಲ್ಲದ ಟ್ರ್ಯಾಕ್ಟರು, ಡಾಂಬರಿನ ಮೇಲೆ ಒಣಗಲು ಹರಡಿದ ತೊಗರಿ, ಅದರ ಅಂಚಿಗೆ ಕಾವಲು ಇಟ್ಟ ಕಲ್ಲುಗಳು, ಎದುರಿಗೆ ಎಮ್ಮೆಗಳ ಹಿಂಡು. ಇವೆಲ್ಲವನ್ನೂ ಅರಿಯುವ ಯಂತ್ರ ಒಂದು ದಿನ ಬರಬಹುದು. ಬರಲಿ ಎಂದೇ ಹಾರೈಸುತ್ತೇನೆ, ಕಣ್ಣು ಮಂಜಾದ ನನ್ನಂತಹ ವೃದ್ಧರಿಗೆ ಅದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ಆದರೆ ಚಾಲಕರ ಉದ್ಯೋಗ ಕಸಿಯುವ ಇಂತಹ ಕಾರುಗಳಿಗೆ ಅವಕಾಶ ಕೊಡುವುದಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಹೇಳಿದ್ದರು. ಕಷ್ಟದ ಕೆಲಸಕ್ಕೆ ಕಾಲ ಬೇಕು ಎಂಬುದು ತಪ್ಪಲ್ಲ. ಕಾಲ ಎಷ್ಟು ಬೇಕೆಂದು ತಿಳಿಯದಿದ್ದಾಗ ತಿಳಿದವರಂತೆ ದಿನಾಂಕ ಹೇಳಿ ಹಣ ಪಡೆಯುವುದು ತಪ್ಪು.

ನನ್ನ ಅಲ್ಪಮತಿಗೆ ತೋಚುವ ಮುಖ್ಯ ವ್ಯತ್ಯಾಸ ಇದು. ತಂದೆಯವರ 250 ರೂಪಾಯಿ ಅವರ ಹೆಸರಿನಲ್ಲಿಯೇ ಇತ್ತು. ಬೇಡವೆಂದರೆ ಹಿಂದೆ ಪಡೆಯಬಹುದಿತ್ತು. ಹೊಸ ಬಗೆಯಲ್ಲಿ ಮಾತನ್ನೇ ಮುಗಿದ ಮಾರಾಟವೆಂದು ಲೆಕ್ಕ ಹಿಡಿಯುತ್ತಾರೆ. ಅಮೆರಿಕೆಯಲ್ಲಿ ಹಳೆಯ ಕಾರನ್ನು ಮಾರಿದವರು, ಕಾಣದ ಆ ವಿದ್ಯೆಯನ್ನೂ ಅದರೊಡನೆ ಬಿಟ್ಟುಕೊಡಬೇಕಾಗುತ್ತಿತ್ತು. ಹೊಸ ಕಾರಿಗೆ ವರ್ಗಾಯಿಸಿಕೊಳ್ಳಲು ಕಂಪನಿ 2023ರಲ್ಲಿ ಸೀಮಿತ ಅವಧಿಗೆ ಅವಕಾಶ ಕೊಟ್ಟಿತು. ಕೊಟ್ಟವನ ಕೈ ಕಟ್ಟಿದೆ, ಪಡೆದವನ ಕೈ ಬಿಚ್ಚಿದೆ. ನುಡಿಗೂ ನಡೆಗೂ ಅಂತರವಿರಬಾರದೆಂದು ಸಾರಿದ ಶರಣರ ಕಲ್ಯಾಣ ನಮ್ಮೂರಿಗೆ ದೂರವೇನಲ್ಲ. ಈ ವ್ಯಾಪಾರವನ್ನು ಅವರು ಏನೆಂದು ಕರೆಯುತ್ತಿದ್ದರೋ.

ಶಿಷ್ಯನಿಗೆ ನಾನು ಹೇಳಿದ್ದಿಷ್ಟೇ: "ಮೂರು ಪ್ರಶ್ನೆ ಕೇಳು. ಯಾವ ದಿನ ಬರುತ್ತದೆ? ಬರದಿದ್ದರೆ ಹಣ ಮರಳುತ್ತದೆಯೇ? ಕಾರನ್ನು ಮಾರಿದರೆ ಆ ಹಕ್ಕು ನಿನ್ನೊಡನೆ ಬರುತ್ತದೆಯೇ? ಉತ್ತರ ಕಾಗದದ ಮೇಲೆ ಇದ್ದರೆ ಕೊಡು, ಅದು ಸಂಚಕಾರ. ಇಲ್ಲದಿದ್ದರೆ ಅದು ಕಾಣಿಕೆ. ಕಾಣಿಕೆ ಹಾಕುವುದಾದರೆ ನಮ್ಮೂರಿನಲ್ಲಿ ಹುಂಡಿಗಳಿವೆ." ಅವನು ನಕ್ಕು ಫೋನಿಟ್ಟ. ದಸರೆಗೆ ಊರಿಗೆ ಬಂದಾಗ ಕೇಳಿದೆ. ಆ 6 ಲಕ್ಷ ಇನ್ನೂ ಅವನ ಖಾತೆಯಲ್ಲಿಯೇ ಇತ್ತು.

ತಂದೆಯವರ ಆ ಪಾಸುಪುಸ್ತಕ ನನ್ನ ಟ್ರಂಕಿನಲ್ಲಿದೆ. ಈ ಲೇಖನಕ್ಕಾಗಿ ತೆಗೆದು ನೋಡಿದೆ. ಒತ್ತೆಯ ಮುದ್ರೆ ಮಾಸಿದೆ, ಅವರ ಸಹಿ ಮಾತ್ರ ಸ್ಪಷ್ಟವಾಗಿದೆ. ನಿಮ್ಮ ಮನೆಗಳಲ್ಲಿಯೂ ಅಂತಹ ಹಳೆಯ ರಸೀದಿಗಳಿದ್ದರೆ ತೆಗೆದು ನೋಡಿ, ಅವುಗಳ ಕಥೆಯನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.