ಓದುವವರು ಮೊದಲೋ, ಬರೆಯುವವರು ಮೊದಲೋ?

ಕಚೇರಿಯ ಒಂದೇ ಲೆಡ್ಜರನ್ನು ಹತ್ತು ಗುಮಾಸ್ತರು ಸುತ್ತ ನಿಂತು ಓದಿದರೆ ತೊಂದರೆಯೇನಿಲ್ಲ. ಆದರೆ ಒಬ್ಬರು ಲೆಕ್ಕ ತಿದ್ದುತ್ತಿರುವಾಗ ಇನ್ನೊಬ್ಬರು ಇಣುಕಿದರೆ ಖರ್ಚು ಕಂಡೀತು, ಜಮಾ ಕಾಣದೆ ಹೋದೀತು. ಇಬ್ಬರು ಒಟ್ಟಿಗೇ ತಿದ್ದಹೊರಟರಂತೂ ಲೆಕ್ಕವೇ ಹಾಳು. ಏಕಕಾಲಕ್ಕೆ ಹಲವು ಕೆಲಸ ಮಾಡುವ ಕಂಪ್ಯೂಟರಿನೊಳಗೂ ಇದೇ ಇಕ್ಕಟ್ಟು. ಅಲ್ಲಿ ಗುಮಾಸ್ತರ ಬದಲು 'ಥ್ರೆಡ್' ಎಂಬ ಕೆಲಸದ ಎಳೆಗಳು. ಲೆಡ್ಜರಿನ ಬದಲು ಅವೆಲ್ಲ ಹಂಚಿಕೊಳ್ಳುವ ಮಾಹಿತಿ.

1960ರ ದಶಕದಲ್ಲಿ ಇದಕ್ಕೊಂದು ಉಪಾಯ ಹೇಳಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. ರೈಲುಹಳಿಯ ಪಕ್ಕದ ಕೈಮರದ ಹೆಸರನ್ನೇ ಅವರು ಅದಕ್ಕಿಟ್ಟರು: 'ಸೆಮಫೋರ್'. ಒಂದು ಗಾಡಿ ದಾಟುವ ತನಕ ಇನ್ನೊಂದು ಹೊರಗೇ ನಿಲ್ಲಬೇಕು. ಆದರೆ ಇದನ್ನು ಹಾಗೆಯೇ ಅನ್ವಯಿಸಿದರೆ ಬರೀ ಓದಲು ಬಂದವರೂ ಒಬ್ಬೊಬ್ಬರಾಗಿಯೇ ಒಳಹೋಗಬೇಕಾಗುತ್ತದೆ.

ಕುರ್ಟ್ವಾ, ಹೇಮಾನ್ಸ್ ಮತ್ತು ಪಾರ್ನಾಸ್ ಎಂಬ ಮೂವರು 1971ರಲ್ಲಿ ಪ್ರಕಟಿಸಿದ ಎರಡು ಪುಟಗಳ ಪ್ರಬಂಧ ಈ ಗಂಟನ್ನು ಬಿಡಿಸಲು ಹೊರಟಿತು. ಅವರ ಮೊದಲ ದಾರಿಯಲ್ಲಿ, ಮೊದಲು ಬಂದ ಓದುಗ ಬರೆಯುವವರಿಗೆ ಬಾಗಿಲು ಹಾಕುತ್ತಾನೆ. ಕೊನೆಯಲ್ಲಿ ಹೊರಡುವ ಓದುಗ ತೆಗೆಯುತ್ತಾನೆ. ನಡುವೆ ಎಷ್ಟು ಓದುಗರಾದರೂ ಬರಬಹುದು. ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು ಬರುತ್ತಲೇ ಇದ್ದರೆ? ಬರೆಯುವವನ ಸರದಿ ಬರುವುದೇ ಇಲ್ಲ. ಓದುಗರು ಹಳೆಯ ಲೆಕ್ಕವನ್ನೇ ಓದುತ್ತಿರಬೇಕಾಗುತ್ತದೆ. ಎರಡನೆಯ ದಾರಿಯಲ್ಲಿ, ಬರೆಯುವವನು ಬಂದು ಕಾದನೆಂದರೆ ಹೊಸ ಓದುಗರಿಗೆ ಪ್ರವೇಶವಿಲ್ಲ. ಆಗ ಬರೆಯುವವರ ಸಾಲು ಮುಗಿಯದಿದ್ದರೆ ಓದುಗರೇ ಹೊರಗುಳಿಯುತ್ತಾರೆ. ಹೀಗೆ ಕೊನೆಯಿಲ್ಲದೆ ಕಾಯುವುದಕ್ಕೆ ಕಂಪ್ಯೂಟರ್ ಪರಿಭಾಷೆಯಲ್ಲಿ 'ಉಪವಾಸ' ಎಂದೇ ಹೆಸರು!

ಬ್ರಿಟನ್ನಿನ ಟೋನಿ ಹೋರ್ 1974ರಲ್ಲಿ ರಾಜಿಸೂತ್ರವೊಂದನ್ನು ವಿವರಿಸಿದರು. ಬರೆಯುವವನು ಕಾಯುತ್ತಿದ್ದರೆ ಹೊಸ ಓದುಗರು ತಡೆಯಬೇಕು. ಅವನು ಬರೆದು ಮುಗಿಸಿದೊಡನೆ, ಅಷ್ಟರಲ್ಲಿ ಕಾದಿದ್ದ ಓದುಗರೆಲ್ಲ ಒಳಹೋಗಬೇಕು. ಮುಂದಿನ ಬರಹಗಾರನ ಸರದಿ ಆಮೇಲೆ. ಹೀಗಾದರೆ ಯಾರಿಗೂ ಉಪವಾಸವಿಲ್ಲ.

2002ರಲ್ಲಿ ಲಿನಕ್ಸ್‌ಗೆ ಸೇರಿದ 'ಆರ್‌ಸಿಯು' ಎಂಬ ವಿಧಾನ ಇನ್ನೊಂದು ಜಾಡು ಹಿಡಿಯಿತು. ಬರೆಯುವವನು ಪ್ರತಿಯೊಂದನ್ನು ತಿದ್ದಿ ಹಳೆಯದರ ಜಾಗದಲ್ಲಿ ಇಡುತ್ತಾನೆ. ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸಿದ ಮೇಲಷ್ಟೇ ಅದು ಕಸಕ್ಕೆ. ಓದುಗರು ಕಾಯುವುದಿಲ್ಲ ನಿಜ. ಆದರೆ ಕೆಲವರು ಆ ಕ್ಷಣಕ್ಕೆ ಹಳೆಯದನ್ನೇ ಓದಿರುತ್ತಾರೆ.

ಎಲ್ಲ ಕೆಲಸಕ್ಕೂ ಹೊಂದುವ ನಿಯಮ ಇನ್ನೂ ಸಿಕ್ಕಿಲ್ಲ. ಯಾರನ್ನು ಕಾಯಿಸಬಹುದು, ಎಷ್ಟು ಹೊತ್ತು ಎಂಬುದನ್ನು ಪ್ರೋಗ್ರಾಂ ಬರೆಯುವವರು ಪ್ರತಿ ಸಲವೂ ತಾವೇ ತೀರ್ಮಾನಿಸಬೇಕು.